ಮಂಗಳವಾರದ ಕ್ಲಿನಿಕ್ಕಿಗೆ ಬಾರದವರು

ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಕ್ಕೊಂದು ವಿಶೇಷವಿದೆ. ‘ಮನೋಚೈತನ್ಯ’ ಎಂಬ ಯೋಜನೆಯಡಿ ಮನೋವೈದ್ಯರು ಗೊತ್ತುಪಡಿಸಿದ ಮಂಗಳವಾರ ತಾಲ್ಲೂಕಿಗೇ ಬಂದು ಕೂರುತ್ತಾರೆ. ಆರೋಗ್ಯ ಇಲಾಖೆಯವರ ಬಾಯಲ್ಲಿ ಇದು ‘ಸೂಪರ್ ಟ್ಯೂಸ್‌ಡೇ ಕ್ಲಿನಿಕ್’. ಹೊರಗಿನ ಬೆಂಚಿನ ಮೇಲೆ ಹಳೆಯ ಚೀಟಿ ಹಿಡಿದು ಮಾತ್ರೆಗೆ ಬಂದ ನಡುವಯಸ್ಸಿನವರು, ಗಂಡನ ಕುಡಿತ ಬಿಡಿಸಲು ಬಂದ ಹೆಂಡತಿ, ಮೂರ್ಛೆರೋಗದ ಮಗನನ್ನು ಕರೆತಂದ ತಾಯಿ ಸಿಗುತ್ತಾರೆ. ಹದಿನಾರು ಹದಿನೇಳರ ಹುಡುಗನೋ ಹುಡುಗಿಯೋ ತಾನಾಗಿ ಬಂದು ಆ ಬೆಂಚಿನ ಮೇಲೆ ಕೂತಿರುವುದು ಅಪರೂಪ. ಬಂದರೂ ಅಪ್ಪನೋ ಚಿಕ್ಕಪ್ಪನೋ ಎಳೆದುತಂದಿರುತ್ತಾರೆ. ಅಷ್ಟು ಹೊತ್ತಿಗೆ ಸಂಗತಿ ಕೈಮೀರುವ ಹಂತ ತಲುಪಿರುತ್ತದೆ.

ವಿಚಿತ್ರವೆಂದರೆ ಮನಸ್ಸಿನ ಕಾಯಿಲೆಗಳು ತಲೆ ಎತ್ತುವುದೇ ಈ ವಯಸ್ಸಿನಲ್ಲಿ. ಜಗತ್ತಿನ ನಾನಾ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ದೊಡ್ಡ ವಿಶ್ಲೇಷಣೆಯೊಂದರ ಪ್ರಕಾರ ಮಾನಸಿಕ ಕಾಯಿಲೆಗಳಲ್ಲಿ ಸುಮಾರು ಅರ್ಧದಷ್ಟು 18 ತುಂಬುವ ಮೊದಲೇ ಶುರುವಾಗುತ್ತವೆ. 25ರ ಹೊತ್ತಿಗೆ ಈ ಪಾಲು ಶೇ 62 ದಾಟುತ್ತದೆ. ಅತಿ ಹೆಚ್ಚು ಜನರಲ್ಲಿ ಕಾಯಿಲೆ ಮೊಳಕೆಯೊಡೆಯುವ ವಯಸ್ಸು ಹದಿನಾಲ್ಕೂವರೆ, ಅಂದರೆ ನಮ್ಮ ಒಂಬತ್ತನೇ ತರಗತಿ. ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವಯಸ್ಸಿನವರಲ್ಲಿ ಶೇ 7.3ರಷ್ಟು ಮಂದಿಗೆ ತೊಂದರೆ ಇರುವುದನ್ನು ಕಂಡಿತ್ತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ 1,70,924 ಮಂದಿಯಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಅಂಕಿ-ಸಂಖ್ಯೆಗಳನ್ನು ಇಲ್ಲಿಗೇ ಬಿಡೋಣ. ಅಗತ್ಯ ಎಲ್ಲಿ ಹೆಚ್ಚೋ ಅಲ್ಲಿಗೆ ಸೇವೆ ತಲುಪುತ್ತಿಲ್ಲ ಎಂದು ಹೇಳಲು ಇಷ್ಟು ಸಾಕು.

ಇದಕ್ಕೆ ಸಿದ್ಧ ಉತ್ತರ ಎಲ್ಲರ ನಾಲಿಗೆಯ ತುದಿಯಲ್ಲೇ ಇದೆ: ಮನೋವೈದ್ಯರ ಕೊರತೆ. ಸುಳ್ಳಲ್ಲ. ಲಕ್ಷ ಜನರಿಗೆ ಮೂವರಾದರೂ ಇರಬೇಕಾದ ಕಡೆ ಭಾರತದಲ್ಲಿ ಸರಾಸರಿ ಒಬ್ಬರೂ ಇಲ್ಲ. ಆದರೆ ನಾಳೆ ಬೆಳಿಗ್ಗೆ ಪ್ರತಿ ತಾಲ್ಲೂಕಿಗೂ ಇಬ್ಬರು ಮನೋವೈದ್ಯರನ್ನು ನೇಮಿಸಿದರೂ ಆ ಬೆಂಚಿನ ಮೇಲೆ ಹುಡುಗರು ಬಂದು ಕೂರುತ್ತಾರೆಂಬ ಭರವಸೆ ನನಗಿಲ್ಲ. ಸೇವೆ ಇರುವ ಜಾಗ, ಅದು ತೆರೆದಿರುವ ಹೊತ್ತು, ಅದರ ಮುಂದಿನ ಬೋರ್ಡು, ಒಳಗೆ ಕೂತವರು ಕೇಳುವ ಮೊದಲ ಪ್ರಶ್ನೆ, ಇವೆಲ್ಲ ಬೇರೆ ಯಾರನ್ನೋ ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡವು.

ಯಾರನ್ನು? ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಹುಚ್ಚಾಸ್ಪತ್ರೆಯ ಗೋಡೆ ಒಡೆದು ಚಿಕಿತ್ಸೆಯನ್ನು ಹಳ್ಳಿಗೆ ಒಯ್ದ ವಿಷಯದಲ್ಲಿ ಕರ್ನಾಟಕ ಇಡೀ ದೇಶಕ್ಕೆ ಮೇಲ್ಪಂಕ್ತಿ. ಧಾರವಾಡದಲ್ಲಿ 1845ರಷ್ಟು ಹಿಂದೆಯೇ ಮಾನಸಿಕ ರೋಗಿಗಳ ಆಶ್ರಯ ಶುರುವಾಗಿತ್ತು, ಅದೇ ಇಂದಿನ ಡಿಮ್ಹಾನ್ಸ್. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಆಮೇಲೆ ಅಲ್ಲಿನ ವೈದ್ಯರು ಆನೇಕಲ್ ಕಡೆಯ ಸಕಲವಾರದಲ್ಲಿ ಕೂತು, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮಾನಸಿಕ ಕಾಯಿಲೆ ಗುರುತಿಸುವುದನ್ನು, ಸರಳ ಔಷಧ ಕೊಡುವುದನ್ನು ಕಲಿಸಬಹುದೇ ಎಂದು ಪರೀಕ್ಷಿಸಿದರು. ಕಲಿಸಬಹುದು ಎಂದು ಗೊತ್ತಾಯಿತು. 1985ರಿಂದ 1990ರವರೆಗೆ ಅದೇ ಪ್ರಯೋಗ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ನಡೆಯಿತು. ಆ ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹಬ್ಬಿತು. 2005ರಲ್ಲಿ ತೀರ್ಥಹಳ್ಳಿಯಲ್ಲಿ ಶುರುವಾದ ಕೆಲಸವಂತೂ ಸ್ಕಿಜೊಫ್ರೀನಿಯಾ ಇರುವವರನ್ನು ಮನೆಮನೆಗೆ ಹೋಗಿ ಹುಡುಕಿ, ಊರಲ್ಲೇ ಇರಿಸಿಕೊಂಡು ಚಿಕಿತ್ಸೆ ಕೊಟ್ಟ ಅಪರೂಪದ ಉದಾಹರಣೆ. ಈ ಪರಂಪರೆ ವೈದ್ಯರಿಗಷ್ಟೇ ಸೇರಿದ್ದಲ್ಲ. ‘ಕೊರವಂಜಿ’ ಹಾಸ್ಯಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನೋರೋಗಗಳ ಬಗ್ಗೆ ಬರೆದ ‘ಮನಮಂಥನ’ಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1976ರಲ್ಲಿ. ಮನೋವೈದ್ಯ ಡಾ. ಸಿ. ಆರ್. ಚಂದ್ರಶೇಖರ್ ಅವರ ಕಿರುಪುಸ್ತಕಗಳು ಇಂದಿಗೂ ಊರೂರಿನ ಗ್ರಂಥಾಲಯಗಳಲ್ಲಿವೆ. ಮನಸ್ಸಿನ ವಿಷಯವನ್ನು ಕನ್ನಡದಲ್ಲಿ ಮಾತಾಡಲು ನಮಗೆ ಬರುವುದಿಲ್ಲ ಎನ್ನುವವರು ಅವನ್ನೊಮ್ಮೆ ತಿರುವಿಹಾಕಬೇಕು.

ಆದರೆ ಈ ಮಾದರಿ ಹುಟ್ಟಿದ ಕಾಲದಲ್ಲಿ ಎದುರಿಗಿದ್ದ ಪ್ರಶ್ನೆ ತೀವ್ರ ಮನೋರೋಗದ್ದು, ಮೂರ್ಛೆರೋಗದ್ದು. ಸರಪಳಿಯಲ್ಲಿದ್ದವನನ್ನು ಬಿಡಿಸುವುದು, ವರ್ಷಗಟ್ಟಲೆ ಬಿಟ್ಟುಹೋದ ಮಾತ್ರೆಯನ್ನು ಮತ್ತೆ ಶುರುಮಾಡಿಸುವುದು. ಅದಕ್ಕೆ ತಿಂಗಳ ಕ್ಲಿನಿಕ್ಕು, ಮಾತ್ರೆಯ ಚೀಟಿ, ಮನೆಯವರ ಜವಾಬ್ದಾರಿ ಎಂಬ ಏರ್ಪಾಡು ಹೇಳಿ ಮಾಡಿಸಿದಂತಿತ್ತು, ಈಗಲೂ ಇದೆ. ಹರೆಯದವರ ಸಂಕಟ ಮಾತ್ರ ಈ ಏರ್ಪಾಡಿನೊಳಗೆ ಕೂರುವುದಿಲ್ಲ.

ಪಾವಗಡ ಕಡೆಯ ಹಳ್ಳಿಯಿಂದ ದ್ವಿತೀಯ ಪಿಯುಸಿಗೆ ಬಸ್ಸಿನಲ್ಲಿ ಓಡಾಡುವ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಮೂರು ತಿಂಗಳಿಂದ ಸರಿಯಾಗಿ ನಿದ್ದೆಯಿಲ್ಲ. ಪುಸ್ತಕ ತೆರೆದರೆ ಎದೆ ಡವಗುಟ್ಟುತ್ತದೆ. ಊಟ ಸೇರದು. ಮನೆಯಲ್ಲಿ ಮೊದಲು ತಲೆನೋವಿನ ಮಾತ್ರೆ, ಆಮೇಲೆ ರಕ್ತ ಪರೀಕ್ಷೆ, ಅದೂ ಮುಗಿದ ಮೇಲೆ ತಾಯತ. ‘ಈ ವಯಸ್ಸಲ್ಲಿ ನಿನಗೇನೇ ಟೆನ್ಷನ್ನು’ ಎಂಬ ಪ್ರಶ್ನೆಯಂತೂ ದಿನಕ್ಕೊಮ್ಮೆ. ಅವಳಿಗೆ ಇರುವುದು ಕಾಯಿಲೆಯೋ, ಪರೀಕ್ಷೆಯ ಭಯವೋ, ಮನೆಯ ಜಗಳವೋ, ಪ್ರೀತಿಯ ಪೇಚೋ ಅವಳಿಗೇ ಗೊತ್ತಿಲ್ಲ. ಎಲ್ಲವೂ ಸ್ವಲ್ಪ ಸ್ವಲ್ಪ ಇರಬಹುದು. ಈ ಹಂತದಲ್ಲಿ ಅವಳಿಗೆ ಬೇಕಾದದ್ದು ರೋಗದ ಹೆಸರಲ್ಲ. ಪೂರ್ವಗ್ರಹವಿಲ್ಲದೆ ಅರ್ಧ ಗಂಟೆ ಕೇಳಿಸಿಕೊಂಡು, ಇದು ಮಾತಿನಲ್ಲಿ ಪರಿಹಾರವಾಗುವುದೋ ವೈದ್ಯರನ್ನು ಕಾಣಬೇಕಾದದ್ದೋ ಎಂದು ಹೇಳಬಲ್ಲ ಒಬ್ಬರು. ಮಂಗಳವಾರ ಅವಳಿಗೆ ಕಾಲೇಜಿದೆ. ಆಸ್ಪತ್ರೆಯ ಹೊರರೋಗಿ ವಿಭಾಗ ಮುಚ್ಚುವ ಹೊತ್ತಿಗೆ ಅವಳು ಬಸ್‌ಸ್ಟ್ಯಾಂಡಿನಲ್ಲಿರುತ್ತಾಳೆ. ಹೇಗೋ ಹೋದಳೆನ್ನಿ, ಮನೋವೈದ್ಯರ ಕೋಣೆಯ ಮುಂದೆ ಊರಿನವರೊಬ್ಬರು ನೋಡಿದರೆ ಸಂಜೆಗೆ ಮನೆಗೆ ಸುದ್ದಿ. ಮದುವೆಯಾಗಬೇಕಾದ ಹುಡುಗಿ ಎಂಬ ಮಾತು ಅಲ್ಲಿಂದ ಶುರು. ಜಿಲ್ಲಾ ಕೇಂದ್ರವಾದ ತುಮಕೂರಿಗೆ ಹೋಗೋಣವೆಂದರೆ ನೂರು ಕಿಲೊಮೀಟರ್ ಆಸುಪಾಸು. ಪಾವಗಡ ಬಹುಪಾಲು ಆಂಧ್ರ ಸುತ್ತುವರಿದ ತಾಲ್ಲೂಕು.

ವಯಸ್ಸಿನದು ಇನ್ನೊಂದು ತೊಡಕು. 18 ತುಂಬದವರಿಗೆ ಕಾನೂನಿನ ಪ್ರಕಾರ ಚಿಕಿತ್ಸೆಯ ಒಪ್ಪಿಗೆಯನ್ನು ಪೋಷಕರೇ ಕೊಡಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಪ್ರಾಪ್ತರನ್ನು ಆಸ್ಪತ್ರೆಗೆ ಸೇರಿಸುವ ವಿಷಯದಲ್ಲಿ ತುಂಬ ಎಚ್ಚರಿಕೆಯಿಂದ ಬರೆದದ್ದು. ವಯಸ್ಕರ ಜೊತೆ ಇರಿಸಕೂಡದು, ಪೋಷಕರೋ ಅವರು ನೇಮಿಸಿದವರೋ ಪೂರ್ತಿ ಜೊತೆಗಿರಬೇಕು, ಹುಡುಗಿಯಾದರೆ ಜೊತೆಗಿರುವವರು ಹೆಂಗಸೇ ಆಗಿರಬೇಕು. ಒಳ್ಳೆಯದು. ಆದರೆ ಅಪ್ಪ-ಅಮ್ಮನಿಗೆ ಹೇಳಲಾಗದ್ದನ್ನೇ ಹೇಳಬೇಕೆಂದು ಬರುವ ಹದಿನೇಳರವಳು ಆಸ್ಪತ್ರೆ ಸೇರುವ ಹಂತದಲ್ಲಿಲ್ಲ. ಅವಳು ಬಾಗಿಲ ಹೊರಗೆ ನಿಂತಿದ್ದಾಳೆ. ಅದೇ ಕಾಯ್ದೆ ಸರ್ಕಾರ ಒದಗಿಸಲೇಬೇಕಾದ ಸೇವೆಗಳನ್ನು ಪಟ್ಟಿ ಮಾಡುವಾಗ ಮಕ್ಕಳ ಸೇವೆಯನ್ನೂ ವೃದ್ಧರ ಸೇವೆಯನ್ನೂ ಹೆಸರಿಸುತ್ತದೆ. ಇವೆರಡರ ನಡುವೆ, 16ರಿಂದ 24ರವರೆಗೆ ಒಂದು ವಯಸ್ಸಿದೆ ಎಂಬುದು ಶಾಸನದಲ್ಲೂ ಇಲ್ಲ, ಆಸ್ಪತ್ರೆಯ ಕೋಣೆಗಳ ಮೇಲಿನ ಬೋರ್ಡಿನಲ್ಲೂ ಇಲ್ಲ. ಹದಿನೇಳರಲ್ಲಿ ಒಬ್ಬ ಸಮಾಲೋಚಕಿಯನ್ನು ನಂಬಿ ಮಾತಾಡಲು ಶುರುಮಾಡಿದವರಿಗೆ ಹದಿನೆಂಟಾದ ಕೂಡಲೇ ಬೇರೆ ಕಾರ್ಯಕ್ರಮ, ಬೇರೆ ಕೋಣೆ, ಬೇರೆ ಮುಖ. ಹತ್ತರಿಂದ ಹತ್ತೊಂಬತ್ತರವರಿಗೆಂದು 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ನಮ್ಮಲ್ಲಿ ‘ಸ್ನೇಹ ಕ್ಲಿನಿಕ್’ಗಳಿವೆ. ಹೆಸರು ಚೆನ್ನಾಗಿದೆ. ಅವು ಇರುವುದೂ ಅದೇ ಆಸ್ಪತ್ರೆಯ ಕಾಂಪೌಂಡಿನಲ್ಲಿ, ತೆರೆದಿರುವುದೂ ಅದೇ ಕಾಲೇಜಿನ ಹೊತ್ತಿನಲ್ಲಿ.

ಇನ್ನೊಂದು ವಿಷಯವನ್ನು ಹೇಳಲೇಬೇಕು, ಯಾಕೆಂದರೆ ಇದನ್ನು ಸರ್ಕಾರಿ ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ. ಹದಿಹರೆಯದವರ ಮನದ ಬೇಗುದಿಯಲ್ಲಿ ದೊಡ್ಡ ಪಾಲು ಪ್ರೀತಿಯದ್ದು. 2012ರ ಪೋಕ್ಸೊ ಕಾಯ್ದೆಯಂತೆ 18ರೊಳಗಿನವರ ನಡುವಿನ, ಇಬ್ಬರೂ ಒಪ್ಪಿದ ಲೈಂಗಿಕ ಸಂಬಂಧವೂ ಅಪರಾಧ. ಅದು ತಿಳಿದುಬಂದವರು ಪೊಲೀಸರಿಗೆ ವರದಿ ಮಾಡಲೇಬೇಕು, ಮಾಡದಿದ್ದರೆ ಶಿಕ್ಷೆ. ಸಮಾಲೋಚಕರಿಗೆ ವಿನಾಯಿತಿಯಿಲ್ಲ. ಮಕ್ಕಳ ಮೇಲಿನ ದೌರ್ಜನ್ಯ ಮುಚ್ಚಿಹೋಗಬಾರದೆಂಬ ಈ ನಿಯಮದ ಉದ್ದೇಶವನ್ನು ಯಾರೂ ತಳ್ಳಿಹಾಕಲಾರರು. ಆದರೆ ಇದರಿಂದ ಕೋಣೆಯೊಳಗೆ ಏನಾಗುತ್ತದೆ ನೋಡಿ: ಹುಡುಗಿ ಬಾಯಿಬಿಡಲು ಶುರುಮಾಡುತ್ತಿದ್ದಂತೆ ಸಮಾಲೋಚಕಿಗೇ ಗಾಬರಿ, ಮುಂದಿನದ್ದು ಕೇಳಿಸಿಕೊಂಡರೆ ಠಾಣೆಗೆ ಹೋಗಬೇಕಾದೀತು. ಕೇಳದೆ ಬಿಟ್ಟರೆ ತಾನು ಅಲ್ಲಿ ಕೂತಿರುವುದೇ ಯಾಕೆ? ಈ ವಯೋಮಿತಿಯ ಬಗ್ಗೆ ಕಾನೂನು ಆಯೋಗ ಮರುಚಿಂತನೆ ಮಾಡಬೇಕೆಂದು ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಹೇಳಿತ್ತು. ಆಯೋಗ 2023ರ ವರದಿಯಲ್ಲಿ ಮಿತಿಯನ್ನು ಇಳಿಸುವುದು ಬೇಡವೆಂದಿತು. ಇಂಥ ಪ್ರಕರಣಗಳಲ್ಲಿ ನ್ಯಾಯಾಲಯಕ್ಕೆ ಶಿಕ್ಷೆಯಲ್ಲಿ ವಿವೇಚನೆಯ ಅಧಿಕಾರವಿರಲಿ ಎಂದಿತು. ನ್ಯಾಯಾಲಯದ ವಿವೇಚನೆ ಬರುವುದು ಕೊನೆಗೆ. ಸಮಾಲೋಚನೆಯ ಕೋಣೆಯಲ್ಲಿ ಕೂತವರಿಗೆ ಇಂದು ಏನು ಮಾಡಬೇಕೆಂಬ ಸ್ಪಷ್ಟ ಮಾರ್ಗಸೂಚಿ ಬೇಕು. ಅದಿಲ್ಲದೆ ‘ಗೋಪ್ಯತೆ ಕಾಪಾಡಲಾಗುವುದು’ ಎಂದು ಗೋಡೆಗೆ ಬರೆಸುವುದು ಸುಳ್ಳು ಹೇಳಿದಂತೆ.

ಈ ಎಲ್ಲ ತೊಡಕಿನ ನಡುವೆ ಕರ್ನಾಟಕದಲ್ಲೇ ಹುಟ್ಟಿದ ಒಂದು ಜಾಣ ಕಲ್ಪನೆಯಿದೆ: ‘ಯುವ ಸ್ಪಂದನ’. ಇದು ಆರೋಗ್ಯ ಇಲಾಖೆಯ ಕಾರ್ಯಕ್ರಮವಲ್ಲ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದು. ತಾಂತ್ರಿಕ ಬೆಂಬಲ ನಿಮ್ಹಾನ್ಸ್‌ನ ಸಾಂಕ್ರಾಮಿಕ ರೋಗಶಾಸ್ತ್ರ ವಿಭಾಗದ್ದು. ಕೇಂದ್ರಗಳಿರುವುದು ಜಿಲ್ಲಾ ಕ್ರೀಡಾಂಗಣಗಳಲ್ಲಿ. ಸ್ಟೇಡಿಯಮ್ಮಿಗೆ ಹೋಗುವ ಹುಡುಗನನ್ನು ಯಾರೂ ತಿರುಗಿ ನೋಡುವುದಿಲ್ಲ. ಒಳಗೆ ಮಾತೂ ಕಾಯಿಲೆಯಿಂದ ಶುರುವಾಗುವುದಿಲ್ಲ. ಓದು, ಕೆಲಸ, ಆರೋಗ್ಯ, ಸಂಬಂಧ, ಸುರಕ್ಷತೆ, ಯಾವುದಾದರೂ ಆಗಬಹುದು. ಕೂತು ಮಾತಾಡಿಸುವ ‘ಯುವ ಸಮಾಲೋಚಕ’ರೂ ಊರೂರು ತಿರುಗುವ ‘ಯುವ ಪರಿವರ್ತಕ’ರೂ ಹೆಚ್ಚುಕಮ್ಮಿ ಅದೇ ವಯಸ್ಸಿನವರು. ಮನೋವೈದ್ಯರ ಅಗತ್ಯ ಕಂಡರೆ ಅಲ್ಲಿಂದ ಮುಂದಕ್ಕೆ ಕಳಿಸುತ್ತಾರೆ. ಆಸ್ಟ್ರೇಲಿಯಾದಲ್ಲಿ ಮನೋವೈದ್ಯ ಪ್ಯಾಟ್ರಿಕ್ ಮೆಕ್‌ಗೊರಿ ಮೊದಲಾದವರ ಒತ್ತಾಯದಿಂದ 2006ರಲ್ಲಿ ಶುರುವಾದ ‘ಹೆಡ್‌ಸ್ಪೇಸ್’ ಕೇಂದ್ರಗಳು 12ರಿಂದ 25ರವರೆಗಿನವರನ್ನು ಒಂದೇ ಸೂರಿನಡಿ ನೋಡುತ್ತವೆ. ಅವುಗಳ ಬಗ್ಗೆ ಜಗತ್ತೆಲ್ಲ ಮಾತಾಡುತ್ತದೆ. ಯುವ ಸ್ಪಂದನದ ಬಗ್ಗೆ ಪಕ್ಕದ ಬೀದಿಯವರಿಗೂ ಗೊತ್ತಿರುವುದಿಲ್ಲ.

ಹೊಗಳಿದ ಬಾಯಲ್ಲೇ ತೆಗಳಬೇಕಾಗಿದೆ. ಜಿಲ್ಲೆಗೊಂದು ಕೇಂದ್ರ, ಅದೂ ಜಿಲ್ಲಾ ಕೇಂದ್ರದಲ್ಲಿ. ದುಡಿಯುವವರು ಖಾಯಂ ನೌಕರರಲ್ಲ. ಗೌರವಧನದ ಮೇಲೆ ಕೆಲಸ ಕಲಿತು, ಕೈ ಪಳಗುವಷ್ಟರಲ್ಲಿ ಬೇರೆ ನೌಕರಿ ನೋಡಿಕೊಂಡು ಹೊರಡುತ್ತಾರೆ. ಅವರನ್ನು ದೂರುವಂತಿಲ್ಲ. ಆದರೆ ಮನಸ್ಸಿನ ಕೆಲಸದಲ್ಲಿ ಮುಖ ಬದಲಾದರೆ ಮೊದಲಿನಿಂದ ಎಲ್ಲ ಶುರುಮಾಡಬೇಕು. ಅದೇ ಕಥೆಯನ್ನು ಎರಡನೆಯ ಸಲ ಹೊಸಬರಿಗೆ ಹೇಳು ಎಂದರೆ ಎಷ್ಟು ಹುಡುಗರು ಬರುತ್ತಾರೆ? ಆರೋಗ್ಯ ಇಲಾಖೆ, ಕ್ರೀಡಾ ಇಲಾಖೆ, ಶಿಕ್ಷಣ ಇಲಾಖೆಗಳ ಕಡತಗಳು ಒಂದನ್ನೊಂದು ಭೇಟಿಯಾಗುವುದೂ ಕಷ್ಟ. ಸ್ಟೇಡಿಯಮ್ಮಿನಿಂದ ಕಳಿಸಿದ ಹುಡುಗ ಆಸ್ಪತ್ರೆ ಮುಟ್ಟಿದನೇ ಎಂದು ಕೊನೆಯವರೆಗೂ ಬೆನ್ನುಹತ್ತುವ ಹೊಣೆ ಯಾರ ಹೆಸರಿನಲ್ಲೂ ಇಲ್ಲ.

ಕೇಂದ್ರಕ್ಕೆ ಹುಡುಗರು ಬರಲಿ ಎಂದು ಕಾಯುವ ಬದಲು ಹುಡುಗರಿರುವಲ್ಲೇ ಒಬ್ಬರನ್ನು ಕೂರಿಸಿದರೆ? ಇದಕ್ಕೆ ಉತ್ತರ ಹುಡುಕಿದವರು ಬಿಹಾರದ ನಾಳಂದ ಜಿಲ್ಲೆಯಲ್ಲಿದ್ದಾರೆ. ಗೋವಾ ಮೂಲದ ‘ಸಂಗಾತ್’ ಸಂಸ್ಥೆಯ ಸಂಶೋಧಕರು ಅಲ್ಲಿನ 74 ಸರ್ಕಾರಿ ಪ್ರೌಢಶಾಲೆಗಳನ್ನು ಆರಿಸಿಕೊಂಡು ‘ಸೆಹರ್’ ಎಂಬ ಪ್ರಯೋಗ ಮಾಡಿದರು. ಶಾಲೆಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಹೊರಗಿನಿಂದ ಬಂದ, ತರಬೇತಿ ಪಡೆದ ಸಾಮಾನ್ಯ ಸಮಾಲೋಚಕರು; ಮನೋವೈದ್ಯರೂ ಅಲ್ಲ, ಮನೋವಿಜ್ಞಾನದ ಪರಿಣತರೂ ಅಲ್ಲ. ಎರಡನೆಯ ಗುಂಪಿನಲ್ಲಿ ಅದೇ ತರಬೇತಿ, ಅದೇ ಕೈಪಿಡಿ, ಅದೇ ಕೆಲಸ. ಮಾಡುವವರು ಮಾತ್ರ ಅದೇ ಶಾಲೆಯ ಶಿಕ್ಷಕರು. ಮೂರನೆಯದರಲ್ಲಿ ಎಂದಿನ ಜೀವನ ಕೌಶಲ ಪಾಠವಷ್ಟೇ. ಕೆಲಸವೂ ಅದ್ಭುತವಾದದ್ದೇನಲ್ಲ: ಪ್ರಾರ್ಥನೆಯ ಹೊತ್ತಿನಲ್ಲಿ ಮಾತು, ಗೋಡೆ ಪತ್ರಿಕೆ, ಹೆಸರು ಹೇಳದೆ ದೂರು-ಪ್ರಶ್ನೆ ಬರೆದು ಹಾಕಲು ಪೆಟ್ಟಿಗೆ, ಮಕ್ಕಳ ಗುಂಪುಗಳು, ಬೇಕಾದವರಿಗೆ ಖಾಸಗಿಯಾಗಿ ಸಮಾಲೋಚನೆ.

2018ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ಇದು. ಸಮಾಲೋಚಕರಿದ್ದ ಶಾಲೆಗಳಲ್ಲಿ ಶಾಲೆಯ ವಾತಾವರಣ ಸುಧಾರಿಸಿತ್ತು, ಮಕ್ಕಳಲ್ಲಿ ಖಿನ್ನತೆಯ ಲಕ್ಷಣ ಕಡಿಮೆಯಾಗಿತ್ತು, ಒಬ್ಬರನ್ನೊಬ್ಬರು ಪೀಡಿಸುವುದೂ ಹೊಡೆದಾಟವೂ ತಗ್ಗಿತ್ತು. ಶಿಕ್ಷಕರೇ ಮಾಡಿದ ಶಾಲೆಗಳಲ್ಲಿ ಹೇಳಿಕೊಳ್ಳುವಂಥ ಯಾವ ಬದಲಾವಣೆಯೂ ಕಾಣಲಿಲ್ಲ.

ನಮ್ಮ ಶಾಲೆಗಳನ್ನು ಬಲ್ಲವರಿಗೆ ಇದು ಅರ್ಥವಾಗದ ಸಂಗತಿಯಲ್ಲ. ಅಂಕ ಹಾಕುವವರು, ಹಾಜರಿ ತೆಗೆಯುವವರು, ಮನೆಗೆ ಫೋನು ಮಾಡಿ ದೂರು ಹೇಳುವವರು ಮಧ್ಯಾಹ್ನ ಮೂರು ಗಂಟೆಗೆ ‘ನಿನ್ನ ಮನಸ್ಸಿನಲ್ಲಿರುವುದನ್ನು ಹೇಳು ಮಗು’ ಎಂದರೆ ಮಗು ಹೇಳುವುದಿಲ್ಲ. ಮೇಷ್ಟ್ರುಗಳು ಒಳ್ಳೆಯವರಲ್ಲ ಎಂದಲ್ಲ. ಜನಗಣತಿ, ಚುನಾವಣೆ, ಬಿಸಿಯೂಟ, ಮೊಟ್ಟೆಯ ಲೆಕ್ಕ ಎಲ್ಲವನ್ನೂ ಅವರ ತಲೆಗೆ ಕಟ್ಟಿ ಆಗಿದೆ. ಆದರೂ ನಮ್ಮಲ್ಲಿ ಮಾನಸಿಕ ಆರೋಗ್ಯದ ಯಾವ ಹೊಸ ಯೋಜನೆ ಬಂದರೂ ಅದರ ಮೊದಲ ಸಾಲು ‘ಶಿಕ್ಷಕರಿಗೆ ತರಬೇತಿ’. ಎರಡು ದಿನದ ತರಬೇತಿ, ಒಂದು ಪ್ರಮಾಣಪತ್ರ, ಒಂದು ಗುಂಪು ಫೋಟೊ. ಮಗುವಿನಲ್ಲಿ ಬದಲಾವಣೆ ಕಂಡಾಗ ಗುರುತಿಸಲು, ಕೀಳಾಗಿ ಮಾತಾಡದಿರಲು ಶಿಕ್ಷಕರಿಗೆ ತರಬೇತಿ ಬೇಕೇ ಬೇಕು. ಸಮಾಲೋಚಕರ ಜಾಗಕ್ಕೆ ಅವರನ್ನೇ ಕೂರಿಸುವುದು ಖರ್ಚು ಉಳಿಸುವ ಉಪಾಯವಷ್ಟೇ, ಅದರಿಂದ ಫಲವಿಲ್ಲ ಎಂದು ನಾಳಂದದ ಮಕ್ಕಳು ತೋರಿಸಿಕೊಟ್ಟಿದ್ದಾರೆ.

ಈ ಹುದ್ದೆ ಈಗ ದಯೆಯ ಮಾತಾಗಿ ಉಳಿದಿಲ್ಲ. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ, ಮಾನಸಿಕ ಆರೋಗ್ಯ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿ 15 ಮಾರ್ಗಸೂಚಿಗಳನ್ನು ಹೊರಡಿಸಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಅರ್ಹ ಸಮಾಲೋಚಕರೋ ಮನೋವಿಜ್ಞಾನಿಯೋ ಸಮಾಜ ಕಾರ್ಯಕರ್ತರೋ ಒಬ್ಬರಾದರೂ ಇರಬೇಕು. ಅಂಕದ ಮೇಲೆ ಬ್ಯಾಚು ಬೇರ್ಪಡಿಸಬಾರದು. ಸಹಾಯವಾಣಿಯ ಸಂಖ್ಯೆ ಹಾಸ್ಟೆಲಿನಲ್ಲಿ, ತರಗತಿಯಲ್ಲಿ ಎದ್ದುಕಾಣುವಂತೆ ಹಾಕಬೇಕು. ಕಾನೂನು ಬರುವವರೆಗೆ ಇದೇ ಕಾನೂನು. ನಮ್ಮ ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು ಸರ್ಕಾರಿ ಪದವಿಪೂರ್ವ ಕಾಲೇಜುಗಳಿವೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ಸಮಾಜ ಕಲ್ಯಾಣ ಇಲಾಖೆಯ, ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲುಗಳು ಬೇರೆ. ಮನೆಯಿಂದ ಮೊದಲ ಸಲ ಹೊರಬಿದ್ದ ಹುಡುಗ-ಹುಡುಗಿಯರು ರಾತ್ರಿ ಕಳೆಯುವುದು ಅಲ್ಲೇ. ಎಲ್ಲ ಕಡೆಗೂ ಒಬ್ಬೊಬ್ಬರು ಒಂದೇ ವರ್ಷದಲ್ಲಿ ಸಿಗಲಾರರು, ಒಪ್ಪೋಣ. ಮೂರು ನಾಲ್ಕು ಸಂಸ್ಥೆಗಳಿಗೆ ಒಬ್ಬರಂತೆ, ವಾರದ ಗೊತ್ತಾದ ದಿನ ಗೊತ್ತಾದ ಜಾಗದಲ್ಲಿ ಸಿಗುವವರು ಸಿಕ್ಕರೂ ಕೆಲಸ ಶುರುವಾಗುತ್ತದೆ. ಹಾಸ್ಟೆಲಿಗೆ ಬರುವುದು ಸಂಜೆ ಹೊತ್ತಿನಲ್ಲಾಗಲಿ.

ಆಸ್ಪತ್ರೆಯ ಹೊರಗೇ ಆಗಬಹುದಾದ ಕೆಲಸಕ್ಕೆ ಪಕ್ಕದ ತಮಿಳುನಾಡಿನಲ್ಲಿ ಒಂದು ಒಳ್ಳೆಯ ಉದಾಹರಣೆಯಿದೆ. ಪರೀಕ್ಷೆಯಲ್ಲಿ ನಪಾಸಾದವರು ಇಡೀ ವರ್ಷ ಕಳೆದುಕೊಳ್ಳದೆ, ಸ್ವಲ್ಪ ದಿನಗಳಲ್ಲೇ ಮತ್ತೆ ಬರೆಯುವ ಅವಕಾಶವನ್ನು ಆ ರಾಜ್ಯ ಎರಡು ದಶಕಗಳ ಹಿಂದೆಯೇ ತಂದಿತು. ಚೆನ್ನೈನ ‘ಸ್ನೇಹಾ’ ಸಂಸ್ಥೆಯ ಸ್ಥಾಪಕಿ, ಮನೋವೈದ್ಯೆ ಲಕ್ಷ್ಮೀ ವಿಜಯಕುಮಾರ್ ಇದನ್ನು ಆತ್ಮಹತ್ಯೆ ತಡೆಯುವ ಕ್ರಮಗಳ ಸಾಲಿನಲ್ಲೇ ಇಡುತ್ತಾರೆ. ಅದಾದ ಮೇಲೆ ಪರೀಕ್ಷೆಯ ಸೋಲಿನಿಂದಾದ ಸಾವುಗಳು ಇಳಿದವು. ಫಲಿತಾಂಶ ಬಂದಾಗ ಅಲ್ಲಿನ 104 ಸಹಾಯವಾಣಿಯವರು ಕರೆಗೆ ಕಾಯದೆ, ತಾವೇ ನಪಾಸಾದ ಮಕ್ಕಳ ಮನೆಗೆ ಫೋನು ಮಾಡುತ್ತಾರೆ. ಕರ್ನಾಟಕದಲ್ಲಿಯೂ 2024ರಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳು ಬಂದವು. ಮೂರರಲ್ಲಿ ಉತ್ತಮ ಅಂಕ ಯಾವುದೋ ಅದನ್ನು ಉಳಿಸಿಕೊಳ್ಳಬಹುದಿತ್ತು. ಶಿಕ್ಷಣ ಮಟ್ಟ ಕುಸಿಯಿತೆಂದು ಇದನ್ನು ಬೈದವರು ಬಹಳ. ನನ್ನ ಲೆಕ್ಕದಲ್ಲಿ ಇದು ರಾಜ್ಯ ಈಚೆಗೆ ಕೈಗೊಂಡ ಮಾನಸಿಕ ಆರೋಗ್ಯದ ಅತಿ ದೊಡ್ಡ ಕ್ರಮ. ಅದನ್ನು ಮಾಡಿದ್ದು ಆರೋಗ್ಯ ಇಲಾಖೆಯಲ್ಲ, ಪರೀಕ್ಷಾ ಮಂಡಳಿ.

ಇನ್ನು ಫೋನು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅದರ ರಾಷ್ಟ್ರಮಟ್ಟದ ಕೇಂದ್ರ ನಿಮ್ಹಾನ್ಸ್, ತಂತ್ರಜ್ಞಾನದ ನೆರವು ಬೆಂಗಳೂರಿನ ಐಐಐಟಿಯದು. ಹಗಲಿರುಳೂ ತೆರೆದಿರುತ್ತದೆ, ಉಚಿತ, ಕನ್ನಡದಲ್ಲಿ ಮಾತಾಡಬಹುದು. 2025ರ ಹೊತ್ತಿಗೆ ದೇಶದಾದ್ಯಂತ 20 ಲಕ್ಷಕ್ಕೂ ಹೆಚ್ಚು ಕರೆ ಬಂದಿವೆ. ಬೋರ್ಡಿಲ್ಲ, ಬೆಂಚಿಲ್ಲ, ಬಸ್ಸಿಲ್ಲ. ಹರೆಯದವರಿಗೆ ಇದಕ್ಕಿಂತ ಹತ್ತಿರದ ಬಾಗಿಲಿಲ್ಲ. ಹಾಗಿದ್ದೂ ಪಾವಗಡದ ಆ ಹುಡುಗಿಯ ಕೈಯಲ್ಲಿರುವುದು ಮನೆಮಂದಿಯೆಲ್ಲ ಬಳಸುವ ಫೋನಾಗಿದ್ದರೆ, ಇರುವುದೊಂದೇ ಕೋಣೆಯ ಮನೆಯಾಗಿದ್ದರೆ ಅವಳು ಎಲ್ಲಿ ಕೂತು ಮಾತಾಡಬೇಕು? ಕಾಲೇಜಿನಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಪುಟ್ಟ ಕೋಣೆ, ಅದರಲ್ಲೊಂದು ಫೋನು ಇಡಲು ಯಾವ ದೊಡ್ಡ ಅನುದಾನವೂ ಬೇಡ. ಎರಡನೆಯ ಮಾತು, ಕರೆ ಮುಗಿದ ಮೇಲಿನದು. ಆಸ್ಪತ್ರೆಗೆ ಹೋಗಿ ಎಂದು ಸಲಹೆ ಕೊಟ್ಟರೆ ಮುಂದಿನ ಕೊಂಡಿ ಅದೇ ಜಿಲ್ಲಾ ತಂಡ, ಅದೇ ಮಂಗಳವಾರ.

ಜಿಲ್ಲಾ ತಂಡದ ಬಲ ಎಷ್ಟು? ಮನೋವೈದ್ಯ, ಮನೋವಿಜ್ಞಾನಿ, ಸಮಾಜ ಕಾರ್ಯಕರ್ತ, ಶುಶ್ರೂಷಕರು ಸೇರಿ ಬೆರಳೆಣಿಕೆಯ ಜನ, ಅದರಲ್ಲೂ ಬಹಳಷ್ಟು ಗುತ್ತಿಗೆಯವರು. ಜಿಲ್ಲಾ ಕಾರ್ಯಕ್ರಮಕ್ಕೆ ವರ್ಷಕ್ಕೆ ಗರಿಷ್ಠ ₹83.2 ಲಕ್ಷದವರೆಗೆ ನೆರವು ಸಿಗುತ್ತದೆ. 2011ರ ಜನಗಣತಿಯಲ್ಲೇ 26 ಲಕ್ಷ ದಾಟಿದ್ದ ತುಮಕೂರು ಜಿಲ್ಲೆಗೆ ಅದನ್ನು ಹಂಚಿದರೆ ತಲೆಗೆ ವರ್ಷಕ್ಕೆ ಮೂರು ರೂಪಾಯಿ ಚಿಲ್ಲರೆ. ಶಾಲೆಯಲ್ಲಿ ಜೀವನ ಕೌಶಲ, ಕಾಲೇಜಿನಲ್ಲಿ ಸಮಾಲೋಚನೆ, ಆತ್ಮಹತ್ಯೆ ತಡೆ ಎಲ್ಲವೂ ಈ ಕಾರ್ಯಕ್ರಮದ ಕರ್ತವ್ಯಗಳ ಪಟ್ಟಿಯಲ್ಲಿವೆ. ಮೂರು ರೂಪಾಯಿಯಲ್ಲಿ ಬೈಟೂ ಚಹಾದ ಒಂದು ಪಾಲೂ ಬರುವುದಿಲ್ಲ.

ದುಡ್ಡು ಹೆಚ್ಚಾದರೆ ಮೊದಲು ಎಲ್ಲಿ ಹಾಕಬೇಕು ಎಂದು ಕೇಳಿದರೆ ನನ್ನ ಉತ್ತರ ಕಟ್ಟಡ ಅಲ್ಲ, ಆ್ಯಪ್ ಅಲ್ಲ, ಸಪ್ತಾಹಾಚರಣೆಯ ಬ್ಯಾನರ್ ಅಂತೂ ಅಲ್ಲವೇ ಅಲ್ಲ. ಸಂಬಳಕ್ಕೆ ಹಾಕಬೇಕು. ಪ್ರತಿ ತಾಲ್ಲೂಕಿನಲ್ಲೂ 25 ವಯಸ್ಸಿನವರೆಗಿನವರಿಗೆಂದೇ ಇಬ್ಬರು ಖಾಯಂ ಸಮಾಲೋಚಕರು, ಅವರಲ್ಲಿ ಒಬ್ಬರಾದರೂ ಹೆಣ್ಣುಮಗಳು. ಕೂರುವುದು ಆಸ್ಪತ್ರೆಯಲ್ಲಲ್ಲ, ತಾಲ್ಲೂಕು ಕ್ರೀಡಾಂಗಣವೋ ಗ್ರಂಥಾಲಯವೋ ಯಾವುದಾದರೂ ಆಗಬಹುದು. ಕಾಲೇಜು ಬಿಟ್ಟ ಮೇಲೆ ಸಂಜೆ ಏಳರವರೆಗೆ, ಭಾನುವಾರ ಬೆಳಿಗ್ಗೆಯೂ ತೆರೆದಿರಬೇಕು. ವಾರಕ್ಕೊಮ್ಮೆ ಜಿಲ್ಲಾ ಮನೋವೈದ್ಯರ ಜೊತೆ ಪ್ರತಿ ಪ್ರಕರಣವನ್ನೂ ಚರ್ಚಿಸುವ ಏರ್ಪಾಡು ಕಡ್ಡಾಯ, ಯಾಕೆಂದರೆ ಮೇಲೊಬ್ಬ ಅನುಭವಿ ಇಲ್ಲದ ಸಮಾಲೋಚಕ ತಪ್ಪೂ ಮಾಡುತ್ತಾನೆ, ದಣಿದೂ ಹೋಗುತ್ತಾನೆ. ಆಸ್ಟ್ರೇಲಿಯಾದ ಅನುಭವವೂ ಇದನ್ನೇ ಹೇಳುತ್ತದೆ: ಬಾಗಿಲು ತೆರೆದಿಟ್ಟರೆ ಹುಡುಗರು ಬರುತ್ತಾರೆ, ಆದರೆ ಬಂದವರಲ್ಲಿ ಕಾಯಿಲೆ ಹೆಚ್ಚಿರುವವರನ್ನು ಮುಂದಕ್ಕೆ ಕಳಿಸುವ ಜಾಗ ಇಲ್ಲದಿದ್ದರೆ ಬಾಗಿಲಲ್ಲೇ ಸಾಲು ಬೆಳೆಯುತ್ತದೆ. ಹಾಗಾಗಿ ಮನೋವೈದ್ಯರ ಸಂಖ್ಯೆಯೂ ಏರಲೇಬೇಕು. ಆದರೆ ಸಮಾಲೋಚಕರ ಬೆನ್ನಿಗೆ ನಿಲ್ಲುವವರಾಗಿ, ಅವರ ಬದಲಿಗೆ ಅಲ್ಲ.

ಇದೆಲ್ಲ ಬರುವವರೆಗೆ ಓದುಗರು ಮಾಡಬಹುದಾದ ಕೆಲಸಗಳಿವೆ. ನಿಮ್ಮ ಮಕ್ಕಳ ಕಾಲೇಜಿನ ಅಭಿವೃದ್ಧಿ ಸಮಿತಿಯ ಸಭೆಗೆ ಹೋಗಿ, ಸುಪ್ರೀಂ ಕೋರ್ಟು ಹೇಳಿದ ಸಮಾಲೋಚಕರು ಎಲ್ಲಿ ಎಂದು ಕೇಳಿ, ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ. ಸರ್ಕಾರಿ ಮಾನಸಿಕ ಆರೋಗ್ಯ ಸೇವೆ ಜಿಲ್ಲೆಯಲ್ಲಿ ಸಿಗದಿದ್ದರೆ ಅದೇ ಜಿಲ್ಲೆಯ ಬೇರೆ ಸಂಸ್ಥೆಯಲ್ಲಿ ಪಡೆದ ಚಿಕಿತ್ಸೆಯ ಖರ್ಚನ್ನು ಸರ್ಕಾರ ಭರಿಸಬೇಕೆಂದು 2017ರ ಕಾಯ್ದೆಯ 18ನೇ ಕಲಮು ಹೇಳುತ್ತದೆ. ಅದನ್ನು ಕೇಳಿ ಅರ್ಜಿ ಹಾಕುವವರು ಇಲ್ಲದಿರುವುದರಿಂದಲೇ ಆ ಕಲಮು ಪುಸ್ತಕದಲ್ಲಿ ಉಳಿದಿದೆ. ಮನೆಯಲ್ಲಿ ಹದಿಹರೆಯದವರಿದ್ದರೆ 14416 ಎಂಬ ಸಂಖ್ಯೆಯನ್ನು ಅವರ ಕೈಗೆ ಇವತ್ತೇ ಕೊಡಿ. ಅವರು ಮಾತಾಡುವಾಗ ನೀವು ಕೋಣೆಯಿಂದ ಹೊರಗಿರಿ.